ಮಿದುಳಿನ ದೊಡ್ಡ ನಾಲೆ



ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ 'ಎಂಸಿಎ' ಎಂದಷ್ಟೇ ಅಚ್ಚಾಗಿದೆ. ಅದನ್ನು ನೋಡಿ ಕಂಪ್ಯೂಟರ್ ವಿಭಾಗದ ಮಕ್ಕಳು ಮುಂದಿನ ಮೂರು ಸಾಲು ಹಿಡಿದು ಕೂತಿದ್ದಾರೆ ಎಂದು ಕಾರ್ಯದರ್ಶಿಗಳು ಈಗ ತಾನೆ ಕಿವಿಯಲ್ಲಿ ಹೇಳಿದರು. ಕ್ಷಮಿಸಿ, ನಾನು ಮಾತಾಡುವುದು ಆ ಪದವಿಯ ಬಗ್ಗೆ ಅಲ್ಲ, ಮಿಡ್ಲ್ ಸೆರೆಬ್ರಲ್ ಆರ್ಟರಿ ಎಂಬ ರಕ್ತನಾಳದ ಬಗ್ಗೆ. ಕೆಲವರು ಇದನ್ನು 'ಮಧ್ಯ ಮಿದುಳು ಅಪಧಮನಿ' ಎಂದು ಕನ್ನಡಿಸುತ್ತಾರೆ. ಅದರಲ್ಲೊಂದು ತೊಡಕಿದೆ. ಮಧ್ಯಮಿದುಳು ಎಂಬುದು ಮಿದುಳಿನ ಕಾಂಡದ ಒಂದು ತುಂಡಿನ ಹೆಸರು; ಈ ನಾಳ ಅತ್ತ ತಲೆ ಹಾಕುವುದೇ ಇಲ್ಲ. ಹಾಗಾಗಿ ವಾರ್ಡಿನಲ್ಲಿ ನಾವು ಕರೆಯುವಂತೆ ಎಂಸಿಎ ಎಂದೇ ಕರೆಯುತ್ತೇನೆ. ಬೇಸರವಾದಾಗ 'ದೊಡ್ಡ ನಾಲೆ' ಅನ್ನುತ್ತೇನೆ. ಕಾರಣ ಮುಂದೆ ಗೊತ್ತಾಗುತ್ತದೆ.

ಈ ಉಪನ್ಯಾಸಕ್ಕೆ ದತ್ತಿ ಇಟ್ಟ ತಾಯಿಯವರು ಒಂದೇ ಷರತ್ತು ಹಾಕಿದ್ದರಂತೆ. "ಉಪನ್ಯಾಸ ಕನ್ನಡದಲ್ಲಿರಬೇಕು. ನಮ್ಮ ಯಜಮಾನರಿಗೆ ಆಗಿದ್ದೇನು ಅಂತ ನನಗೆ ತಿಳಿಯೋ ಹಾಗಿರಬೇಕು." ಅವರ ಯಜಮಾನರು ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಕೊನೆಯ ಆರು ವರ್ಷ ಅವರಿಗೆ ಮಾತಿರಲಿಲ್ಲ. ಈ ಷರತ್ತು ಪರೀಕ್ಷಕರ ಪ್ರಶ್ನೆಗಿಂತ ಕಷ್ಟದ್ದು.

ತೊಡಕು ನಮ್ಮ ಮಾತಿನಿಂದಲೇ ಶುರುವಾಗುತ್ತದೆ. ನರ ಎಂಬ ಒಂದೇ ಪದ ಕನ್ನಡದಲ್ಲಿ ಎರಡು ಮನೆಗೆ ದುಡಿಯುತ್ತದೆ. ಡ್ರಿಪ್ ಹಾಕಲು ಬಂದ ನರ್ಸ್ "ನರ ಸಿಗ್ತಿಲ್ಲ" ಅಂದರೆ ಆಕೆ ಹುಡುಕುತ್ತಿರುವುದು ರಕ್ತನಾಳವನ್ನು. ಸೊಂಟ ಹಿಡಿದವರು "ನರ ಒತ್ತಿದೆ" ಅಂದರೆ ಅದು ಸುದ್ದಿ ಸಾಗಿಸುವ ತಂತು. ಒಂದರಲ್ಲಿ ರಕ್ತ ಹರಿಯುತ್ತದೆ, ಇನ್ನೊಂದರಲ್ಲಿ ವಿದ್ಯುತ್ತಿನಂಥ ಸಂಜ್ಞೆ. ಲಕ್ವ ಹೊಡೆದಾಗ "ನರ ಬಿದ್ದುಹೋಯ್ತು" ಅನ್ನುತ್ತೇವೆ. ನರ ಅಂದಮೇಲೆ ತಿಕ್ಕಬೇಕು, ಎಣ್ಣೆ ಹಾಕಿ ನೀವಬೇಕು, ಪಾರಿವಾಳದ ಬಿಸಿರಕ್ತ ಸವರಬೇಕು. ಕೈಗೆ ಬಿದ್ದ ರೋಗಕ್ಕೆ ಕೈಗೇ ಉಪಚಾರ. ಆ ಕೈಯ ನರಕ್ಕಾಗಲಿ ಮಾಂಸಕ್ಕಾಗಲಿ ಏನೂ ಆಗಿಲ್ಲ ಎಂದು ಹೇಳಲು ನಮಗೆ ಪದವೇ ಇಲ್ಲ. ಓದಿದವರು ಪಾರ್ಶ್ವವಾಯು ಎನ್ನುತ್ತಾರೆ. ಅದರಲ್ಲಿ ವಾಯು ಇದೆ. ಬಿದ್ದುಹೋದ ಆ ನರದಲ್ಲೂ ಈ ವಾಯುವಿನಲ್ಲೂ ರಕ್ತದ ಸುಳಿವಿಲ್ಲ. ಬೇರೆಯವರನ್ನು ಯಾಕೆ ದೂರಲಿ, ನನ್ನ ಬೋರ್ಡಿನ ಮೇಲೂ 'ನರರೋಗ ತಜ್ಞರು' ಎಂದೇ ಬರೆಸಿದ್ದೇನೆ.

ನಾನು ಹುಟ್ಟಿದ್ದು ಇಲ್ಲೇ ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ನಮ್ಮ ದೊಡ್ಡಪ್ಪ ನೀರುಗಂಟಿ. ಯಾವ ತೂಬು ಎಷ್ಟು ಹೊತ್ತಿಗೆ ಎತ್ತಬೇಕು, ಯಾರ ಗದ್ದೆಗೆ ಯಾವ ಸರದಿ ಎಂಬ ಲೆಕ್ಕವೆಲ್ಲ ಅವರ ಬಾಯಲ್ಲೇ. 1972ರ ಒಂದು ಬೆಳಗ್ಗೆ ತೂಬಿನ ಹತ್ತಿರ ಕುಸಿದರು. ಬಲಗೈ ಬಿದ್ದುಹೋಗಿತ್ತು, ಬಾಯಿ ಎಡಕ್ಕೆ ಎಳೆದಿತ್ತು, ಮಾತು ನಿಂತಿತ್ತು. ನನಗೆ ಆಗ ಒಂಬತ್ತು ವರ್ಷ. ಗಾಡಿ ಕಟ್ಟಿ ಕರೆದೊಯ್ದದ್ದು ಆಸ್ಪತ್ರೆಗಲ್ಲ, ಎಣ್ಣೆ ಕೊಡುವವರ ಮನೆಗೆ. ಪಾರಿವಾಳ ಹಿಡಿಯಲು ಕಳಿಸಿದ್ದು ನನ್ನನ್ನೇ. ಮೂರು ವಾರದ ಮೇಲೆ ಕಾಲು ಸುಮಾರಾಗಿ ಬಂತು, ಎದ್ದು ಓಡಾಡಿದರು. ಕೈ ಬರಲಿಲ್ಲ. ಮಾತಿನಲ್ಲಿ ಬಂದದ್ದು ಎರಡೇ ಪದ: "ನೀರ್ ಬಂತಾ?" ಹಸಿವಾದರೆ ನೀರ್ ಬಂತಾ, ಸಿಟ್ಟು ಬಂದರೆ ನೀರ್ ಬಂತಾ, ಮೊಮ್ಮಗು ಹುಟ್ಟಿದಾಗ ಕಣ್ಣೊರೆಸಿಕೊಂಡು ಹೇಳಿದ್ದೂ ಅದನ್ನೇ.

ಕಾಲು ಬಂದು ಕೈ ಯಾಕೆ ಬರಲಿಲ್ಲ? ಒಂಬತ್ತು ವರ್ಷದವನ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಅಂಗರಚನಾ ಶಾಸ್ತ್ರ.

ನಾಲೆಯನ್ನು ಮೂಲದಿಂದ ಹಿಡಿಯೋಣ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು, ಸುಮಾರು 1,400 ಗ್ರಾಂ. ಉಣ್ಣುವುದು ಮಾತ್ರ ದೇಹಕ್ಕೆ ಬರುವ ಆಮ್ಲಜನಕದ ಐದನೇ ಒಂದು ಪಾಲು. ಅಷ್ಟು ಉಂಡರೂ ಕೂಡಿಡುವ ಅಭ್ಯಾಸವಿಲ್ಲ, ಅದರಲ್ಲಿ ಕಣಜವಿಲ್ಲ. ಕತ್ತಿನ ಎರಡೂ ಪಕ್ಕ ಬೆರಳಿಟ್ಟರೆ ಮಿಡಿಯುವುದು ಕೆರೋಟಿಡ್ ಅಪಧಮನಿ. ಅದರ ಒಳಗವಲು ಕಿವಿಯ ಒಳಭಾಗದ ಗಟ್ಟಿ ಮೂಳೆಯೊಳಗೆ ಸುರಂಗ ಹೊಕ್ಕು, ಹಾವಿನಂತೆ ಹೊರಳಿ, ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಪಕ್ಕದಲ್ಲಿ ತಲೆ ಎತ್ತುತ್ತದೆ. ಅಲ್ಲಿ ಅದು ಎರಡಾಗುತ್ತದೆ. ಒಂದು ಕವಲು ಒಳಮುಖವಾಗಿ ತಿರುಗಿ ಎರಡು ಅರೆಮಿದುಳುಗಳ ನಡುವಿನ ಸಂದಿಗೆ ಹೋಗುತ್ತದೆ. ಅದು ಮುಂದಿನ ಅಪಧಮನಿ, ಎಸಿಎ. ಇನ್ನೊಂದು ಹೆಚ್ಚು ತಿರುಗದೆ ಹೊರಮುಖವಾಗಿ ಸಾಗುತ್ತದೆ. ಅದೇ ನಮ್ಮ ಎಂಸಿಎ.

ನಾಲೆ ನೋಡಿದವರಿಗೆ ಇಲ್ಲಿ ಹೇಳುವುದು ಹೆಚ್ಚೇನಿಲ್ಲ. ಕವಲೊಡೆಯುವ ಕಡೆ ನೀರಿಗೆ ಒಂದು ಹುಲ್ಲಿನ ಸಿವುಡು ಎಸೆಯಿರಿ. ಅದು ಪಕ್ಕಕ್ಕೆ ಹೊರಳುವ ಸಣ್ಣ ಕಾಲುವೆಗೆ ಹೋಗುವುದಕ್ಕಿಂತ, ನೇರ ಹರಿಯುವ ದೊಡ್ಡ ಕಾಲುವೆಗೆ ಹೋಗುವುದೇ ಹೆಚ್ಚು. ಎಂಸಿಎಯ ಅಗಲ ಸುಮಾರು 3 ಮಿ.ಮೀ., ಎಳನೀರು ಕುಡಿಯುವ ಕೊಳವೆಯ ಅರ್ಧದಷ್ಟು. ಆದರೂ ಪಕ್ಕದ ಎಸಿಎಗಿಂತ ಅದೇ ದೊಡ್ಡದು. ಕೆರೋಟಿಡ್ ತರುವ ರಕ್ತದಲ್ಲಿ ದೊಡ್ಡ ಪಾಲು ಅದಕ್ಕೆ. ಹಾಗೆಯೇ ಹೃದಯದಲ್ಲೋ ಕತ್ತಿನಲ್ಲೋ ಹೆಪ್ಪುಗಟ್ಟಿ ಕಿತ್ತುಬಂದ ರಕ್ತದ ಗಡ್ಡೆಯ ದೊಡ್ಡ ಪಾಲೂ ಅದಕ್ಕೇ. ರೋಗ ಈ ನಾಳವನ್ನು ಹುಡುಕಿಕೊಂಡು ಬರುವುದಿಲ್ಲ. ನೇರ ದಾರಿಯಲ್ಲಿರುವುದೇ ಅದರ ತಪ್ಪು.

ಇಲ್ಲಿ ಒಂದು ಉಪಕಥೆ. 1658ರಲ್ಲಿ ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಎಂಬ ಊರಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್, ಹಠಾತ್ತನೆ ಬಿದ್ದು ಸತ್ತವರ ತಲೆ ತೆರೆದು ನೋಡಿ, ಇದು ಮಿದುಳಿನ ರಕ್ತದ ಸಮಾಚಾರ ಎಂದು ಬರೆದ. ಈ ನಾಳದ ದಾರಿಯನ್ನೂ ಗುರುತಿಸಿದ. ಆರು ವರ್ಷದ ಮೇಲೆ, 1664ರಲ್ಲಿ, ಆಕ್ಸ್‌ಫರ್ಡಿನ ಥಾಮಸ್ ವಿಲ್ಲಿಸ್ ಮಿದುಳಿನ ಅಂಗರಚನೆಯ ಪುಸ್ತಕ ತಂದ. ಅದಕ್ಕೆ ಚಿತ್ರ ಬರೆದವರಲ್ಲಿ ಕ್ರಿಸ್ಟೊಫರ್ ರೆನ್ ಇದ್ದ, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚು ಕಟ್ಟಿದನಲ್ಲ, ಅವನೇ. ಮಿದುಳಿನ ತಳದಲ್ಲಿ ನಾಳಗಳು ಕೈಕೈ ಹಿಡಿದ ಬಳೆಯಂಥ ವಲಯಕ್ಕೆ ಇಂದೂ ವಿಲ್ಲಿಸನದೇ ಹೆಸರು. ಬೇರಾವುದೋ ರೋಗದಿಂದ ಸತ್ತ ಒಬ್ಬನ ಶವದಲ್ಲಿ ಒಂದು ಕೆರೋಟಿಡ್ ಪೂರ್ತಿ ಮುಚ್ಚಿಹೋಗಿದ್ದನ್ನು ವಿಲ್ಲಿಸ್ ಕಂಡ. ಬದುಕಿದ್ದಾಗ ಆತನಿಗೆ ಲಕ್ವದ ಲಕ್ಷಣವೇ ಇರಲಿಲ್ಲ. ಒಂದು ಕಡೆ ಮುಚ್ಚಿದರೂ ವಲಯದ ಮೂಲಕ ಇನ್ನೊಂದು ಕಡೆಯ ನೀರು ಬಂದಿತ್ತು.

ಪರೀಕ್ಷೆಯಲ್ಲಿ ಎಂಸಿಎಯನ್ನು ಆ ವಲಯದ ಸದಸ್ಯನೆಂದು ಬರೆದ ವಿದ್ಯಾರ್ಥಿಗಳಿಗೆ ನಾನು ಅಂಕ ಕಳೆಯುತ್ತಿದ್ದೆ. ಅದು ಜಿಪುಣತನವಲ್ಲ. ಎಂಸಿಎ ಹೊರಡುವುದು ವಲಯದಿಂದ, ವಲಯದ ಆಚೆಗೆ. ಗಡ್ಡೆ ಕತ್ತಿನಲ್ಲಿ ಸಿಕ್ಕಿಕೊಂಡರೆ ವಲಯ ಕಾಪಾಡಬಹುದು. ವಲಯ ದಾಟಿ ಎಂಸಿಎಯ ಬುಡದಲ್ಲಿ ಸಿಕ್ಕಿಕೊಂಡರೆ ಅಷ್ಟು ಚೆಂದದ ಬಳೆ ಇದ್ದೂ ಪ್ರಯೋಜನವಿಲ್ಲ. ಎರಡು ಅಂಕದ ಪ್ರಶ್ನೆಯಲ್ಲಿ ಒಂದು ಮನೆಯ ಭವಿಷ್ಯ ಕೂತಿರುತ್ತದೆ.

ನಾಳದ ಮುಂದಿನ ದಾರಿಯನ್ನು ನಾಲ್ಕು ಭಾಗ ಮಾಡಿ ಎಂ1ರಿಂದ ಎಂ4 ಎಂದು ಕರೆಯುತ್ತಾರೆ. ಈ ಪದ್ಧತಿ 1938ರಲ್ಲಿ ಜರ್ಮನಿಯ ಫಿಷರ್ ಹಾಕಿಕೊಟ್ಟದ್ದು. ಎಂ1 ಅಡ್ಡಡ್ಡ ಹೋಗುವ ಬುಡದ ತುಂಡು, ಒಂದೂವರೆ ಸೆಂಟಿಮೀಟರಿನ ಆಸುಪಾಸು. ಕೊನೆಯಲ್ಲಿ ಹೆಚ್ಚಿನವರಲ್ಲಿ ಮೇಲುಕವಲು, ಕೆಳಕವಲು ಎಂದು ಎರಡಾಗಿ, ಕೆಲವರಲ್ಲಿ ಮೂರಾಗಿ ಒಡೆಯುತ್ತದೆ. ಒಡೆದ ಜಾಗದಲ್ಲಿ ಗೋಡೆ ಸಡಿಲಗೊಂಡು ಬಲೂನಿನಂತೆ ಉಬ್ಬುವುದೂ ಉಂಟು. ಆ ಉಬ್ಬು ಒಡೆದರೆ ಹುಟ್ಟುವ ತಲೆನೋವನ್ನು ಅನುಭವಿಸಿದವರು ಜೀವಮಾನದಲ್ಲಿ ಅಂಥದ್ದು ಕಂಡಿಲ್ಲ ಎನ್ನುತ್ತಾರೆ. ಅದು ಇವತ್ತಿನ ವಿಷಯವಲ್ಲ.

ಎಂ2 ನೋಡಬೇಕಾದರೆ ಮಿದುಳಿನ ತುಟಿ ಬಿಡಿಸಬೇಕು. ಕಿವಿಯ ಮೇಲ್ಭಾಗದಲ್ಲಿ, ಒಳಗೆ, ಮಿದುಳಿಗೆ ಒಂದು ಆಳವಾದ ಸೀಳು ಇದೆ. ಅದಕ್ಕೆ ಲೈಡನ್ನಿನ ಪ್ರೊಫೆಸರ್ ಸಿಲ್ವಿಯಸ್‌ನ ಹೆಸರು. ಎರಡನೆಯ ಸಲ ನಾನು ಶವಚ್ಛೇದನದ ಮೇಜಿನ ಮುಂದೆ ನಿಂತಾಗ, ಫಾರ್ಮಾಲಿನ್ ಉರಿಗೆ ಕಣ್ಣಲ್ಲಿ ನೀರು ಸುರಿಸುತ್ತ, ಚಿಮಟದ ಹಿಡಿಕೆಯಿಂದ ಆ ಸೀಳನ್ನು ಅಗಲಿಸಿದೆ. ಒಳಗೆ ಮುಚ್ಚಿಟ್ಟ ಒಂದು ಪುಟ್ಟ ದಿಬ್ಬ. ಅಂಗರಚನಾಕಾರರು ಅದಕ್ಕೆ ದ್ವೀಪ ಎಂದೇ ಹೆಸರಿಟ್ಟಿದ್ದಾರೆ. ದ್ವೀಪದ ಮೈಮೇಲೆ ಎಂಸಿಎಯ ಕವಲುಗಳು ಬಳ್ಳಿಯಂತೆ ಹಬ್ಬಿದ್ದವು. ಬೆರಳಿಗೆ ಮುಟ್ಟಿದರೆ ಮೆತ್ತಗಿರಬೇಕಾದದ್ದು ಬುಡದಲ್ಲಿ ಕಡ್ಡಿಯಂತೆ ಗಟ್ಟಿ, ನಡುನಡುವೆ ಹಳದಿ ಗಂಟು. ಕೊಬ್ಬು ಸುಣ್ಣ ಕೂಡಿ ಗೋಡೆಗೆ ಹತ್ತಿದ ಹೂಳು ಅದು. ಯುರೋಪಿನ ಬಿಳಿಯರಲ್ಲಿ ಈ ಹೂಳು ಹೆಚ್ಚಾಗಿ ಕತ್ತಿನ ನಾಳದಲ್ಲಿ ತುಂಬಿದರೆ, ನಮ್ಮಂಥ ಏಷ್ಯಾದವರಲ್ಲಿ ತಲೆಬುರುಡೆಯ ಒಳಗಿನ ನಾಳಗಳಲ್ಲೇ ತುಂಬುವುದು ಹೆಚ್ಚು.

ದ್ವೀಪದ ಅಂಚಿಗೆ ಬಂದ ಕವಲುಗಳು ಮುಚ್ಚಳದ ಒಳಮೈಗೆ ಅಂಟಿ ಹೊರಳುತ್ತವೆ, ಅದು ಎಂ3. ಸೀಳಿನಿಂದ ಹೊರಬಿದ್ದು ಮಿದುಳಿನ ಹೊರಮೈಮೇಲೆ ಬೀಸಣಿಗೆಯಂತೆ ಹರಡುತ್ತವೆ, ಅದು ಎಂ4. ಜೀವಂತ ಮನುಷ್ಯನಲ್ಲಿ ಈ ಬೀಸಣಿಗೆಯನ್ನು ಎಕ್ಸ್‌ರೇಯಲ್ಲಿ ಮೊದಲು ಕಾಣಿಸಿದವರು ಲಿಸ್ಬನ್ನಿನ ಎಗಾಸ್ ಮೋನಿಜ್, 1927ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಶಾರ್ಲ್ ಫ್ವಾ ಮತ್ತು ಅವರ ಜೊತೆಗಾರ ಲೆವಿ, ಇದರ ಯಾವ ಕವಲು ಮುಚ್ಚಿದರೆ ಮಿದುಳಿನ ಎಷ್ಟು ಭಾಗ ಕೊಳೆಯುತ್ತದೆ, ರೋಗಿಯಲ್ಲಿ ಏನು ಕಾಣುತ್ತದೆ ಎಂದು ಕೂದಲು ಸೀಳಿದಂತೆ ಬರೆದರು. ಒಬ್ಬರು ನಾಲೆಯ ಚಿತ್ರ ಕೊಟ್ಟರು, ಇನ್ನೊಬ್ಬರು ಅಚ್ಚುಕಟ್ಟಿನ ನಕ್ಷೆ. ಮೋನಿಜ್‌ಗೆ ಮುಂದೆ ನೊಬೆಲ್ ಬಂದದ್ದು ಈ ಕೆಲಸಕ್ಕಲ್ಲ, ಮಿದುಳಿನ ಮುಂಭಾಗವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ. ಈಗ ಯಾರೂ ಮಾಡದ ಶಸ್ತ್ರಚಿಕಿತ್ಸೆ ಅದು. ಬಹುಮಾನಗಳ ಬಗ್ಗೆ ನನಗಿರುವ ಗುಮಾನಿಗೆ ಅದೂ ಒಂದು ಕಾರಣ.

ಅಚ್ಚುಕಟ್ಟು ಅಂದೆ. ಮಂಡ್ಯದವರಿಗೆ ಈ ಪದ ವಿವರಿಸಬೇಕಾಗಿಲ್ಲ: ಒಂದು ನಾಲೆಯ ನೀರು ಎಲ್ಲಿಯವರೆಗೆ ಸಲ್ಲುತ್ತದೋ ಅಷ್ಟು ನೆಲ. ಮಿದುಳಿನ ಹೊರಮೈಯಲ್ಲಿ ದೇಹದ ಚಲನೆಯನ್ನು ಆಳುವ ಒಂದು ಪಟ್ಟಿ ಇದೆ. ಅದರ ಮೇಲೆ ಮನುಷ್ಯನನ್ನು ತಲೆಕೆಳಗಾಗಿ ಮಲಗಿಸಿದಂತೆ ಜಾಗ ಹಂಚಿದೆ. ಕೆಳಗೆ ಮುಖ, ನಾಲಗೆ, ಅದರ ಮೇಲೆ ಕೈ, ಬೆರಳುಗಳು, ಅವಕ್ಕೆ ಸಿಂಹಪಾಲು, ಮೇಲುತುದಿಯಲ್ಲಿ ಸೊಂಟ. ಕಾಲು ಮಾತ್ರ ಅಂಚು ದಾಟಿ ಒಳಸಂದಿಯೊಳಕ್ಕೆ ಇಳಿಬಿಟ್ಟಿದೆ. ಹೊರಮೈಯೆಲ್ಲ ಎಂಸಿಎಯ ಅಚ್ಚುಕಟ್ಟು. ಒಳಸಂದಿ ಎಸಿಎಯದು. ದೊಡ್ಡಪ್ಪನ ಎಡ ಎಂಸಿಎಯ ಮೇಲುಕವಲು ಮುಚ್ಚಿತ್ತು, ಬಲಗಡೆಯ ಮುಖ, ಕೈ ಬಿದ್ದವು. ಕಾಲಿನ ಗದ್ದೆಗೆ ನೀರು ಬೇರೆ ನಾಲೆಯಿಂದ ಬರುತ್ತಿತ್ತು, ಅದು ಉಳಿಯಿತು. ಪಾರಿವಾಳಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಎಣ್ಣೆ ಕೊಟ್ಟವರಿಗೆ ಮಾತ್ರ ಆ ಕಾಲು ಒಳ್ಳೆಯ ಹೆಸರು ತಂದಿತು.

ಆಸ್ಪತ್ರೆಯ ಗೋಡೆಗಳ ಮೇಲೆ ನೀವು ನೋಡಿರುತ್ತೀರಿ: ಮುಖ ಸೊಟ್ಟಗಾಗಿದೆಯೇ, ಕೈ ಎತ್ತಿದರೆ ಜಾರುತ್ತದೆಯೇ, ಮಾತು ತೊದಲುತ್ತದೆಯೇ, ಹಾಗಿದ್ದರೆ ಹೊತ್ತು ಕಳೆಯಬೇಡಿ. ಮುಖ, ಕೈ, ಮಾತು. ಈ ಮೂರನ್ನು ಆರಿಸಿದ್ದು ಆಕಸ್ಮಿಕವಲ್ಲ, ಮೂರೂ ಒಂದೇ ನಾಲೆಯ ಗದ್ದೆಗಳು. ಅಂದರೆ ಆ ಭಿತ್ತಿಪತ್ರ ಹೆಚ್ಚಾಗಿ ಹಿಡಿಯುವುದು ಎಂಸಿಎಯ ಲಕ್ವವನ್ನು. ಹಿಂದಲೆಯ ನಾಳಗಳು ಮುಚ್ಚಿದರೆ ತಲೆ ತಿರುಗುವುದು, ಒಂದು ಎರಡಾಗಿ ಕಾಣುವುದು, ಕುಡಿದವರಂತೆ ಓಲಾಡುವುದು. ಅದು ಈ ಜಾಲದಲ್ಲಿ ನುಸುಳಿಹೋಗುತ್ತದೆ. ಅದಕ್ಕೇ ಈಚೆಗೆ ಸಮತೋಲ, ಕಣ್ಣು ಎಂದು ಎರಡು ಸೇರಿಸಿದ್ದಾರೆ.

ಮಾತಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ತಾಯಿಯವರ ಪ್ರಶ್ನೆ ಇರುವುದೇ ಅಲ್ಲಿ. 1861ರಲ್ಲಿ ಪ್ಯಾರಿಸ್ಸಿನ ಪೌಲ್ ಬ್ರೋಕಾ, ಲೆಬೋರ್ನ್ ಎಂಬ ರೋಗಿಯ ಮಿದುಳನ್ನು ಸಭೆಯ ಮುಂದಿಟ್ಟರು. ಇಪ್ಪತ್ತೊಂದು ವರ್ಷದಿಂದ ಆತ ಏನು ಕೇಳಿದರೂ 'ಟಾನ್' ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಹೆಸರೇ ಟಾನ್ ಆಗಿಹೋಗಿತ್ತು. ಹೇಳಿದ್ದು ಅರ್ಥವಾಗುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಎಡ ಮಿದುಳಿನ ಮುಂಭಾಗದಲ್ಲಿ, ಸಿಲ್ವಿಯಸ್ ಸೀಳಿನ ಮೇಲ್ತುಟಿಯಲ್ಲಿ, ಗುಳಿಬಿದ್ದಿತ್ತು. ಅದು ಎಂಸಿಎಯ ಮೇಲುಕವಲಿನ ನೆಲ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಕೆಳಕವಲಿನ ಸಂಗತಿ ಹೇಳಿದರು. ಅಲ್ಲಿ ಕೆಟ್ಟರೆ ಮಾತು ನಿಲ್ಲುವುದಿಲ್ಲ, ಧಾರಾಳವಾಗಿ ಹರಿಯುತ್ತದೆ, ಅರ್ಥ ಮಾತ್ರ ಇರುವುದಿಲ್ಲ; ಎದುರಿನವರು ಆಡಿದ್ದೂ ಹತ್ತುವುದಿಲ್ಲ. ಕೈಕಾಲು ನೆಟ್ಟಗಿರುವುದರಿಂದ ಇಂಥವರನ್ನು ಮನೆಯವರು ನನ್ನ ಹತ್ತಿರ ತರುವುದೇ ಇಲ್ಲ. ಹುಚ್ಚು ಎಂದು ಒಬ್ಬರ ಹತ್ತಿರ, ಗಾಳಿ ಎಂದು ಇನ್ನೊಬ್ಬರ ಹತ್ತಿರ ಒಯ್ಯುತ್ತಾರೆ. ಅಷ್ಟರಲ್ಲಿ ದಿನಗಳು ಕಳೆದಿರುತ್ತವೆ.

ಕನ್ನಡದಲ್ಲಿ ಮಾತು ಮುರಿಯುವ ಬಗೆಯೇ ಬೇರೆ. ನಮ್ಮ ವಾಕ್ಯ ನಿಂತಿರುವುದು ಪದಗಳ ಬಾಲದ ಮೇಲೆ. ಬ್ರೋಕಾ ಬಗೆಯ ರೋಗಿಗೆ ಮೊದಲು ಕಳಚುವುದು ಆ ಬಾಲ. "ಮಗ… ಮೈಸೂರು… ಬಸ್ಸು…" ಅನ್ನುತ್ತಾರೆ. ಮಗನೋ ಮಗನಿಗೋ, ಮೈಸೂರಿಂದಲೋ ಮೈಸೂರಿಗೋ, ಬಂದನೋ ಹೋದನೋ, ನಾವೇ ಕೂಡಿಸಿಕೊಳ್ಳಬೇಕು. ಅದೇ ಮನುಷ್ಯ ಮಗ್ಗಿ ತಪ್ಪಿಲ್ಲದೆ ಒಪ್ಪಿಸಬಲ್ಲರು, ದಿನಾ ಹೇಳುವ ಪ್ರಾರ್ಥನೆ ಪೂರ್ತಿ ಹೇಳಬಲ್ಲರು, ಬೈಗುಳವಂತೂ ಸ್ವಚ್ಛ. ಬಾಯಿಪಾಠಕ್ಕೂ ಹೊಸದಾಗಿ ಕಟ್ಟುವ ಮಾತಿಗೂ ಮಿದುಳಿನಲ್ಲಿ ದಾರಿ ಒಂದೇ ಅಲ್ಲ. ಮನೆಯವರಿಗೆ ಇದು ಗೊತ್ತಿರಬೇಕು. ಇಲ್ಲದಿದ್ದರೆ "ಬೈಯೋಕೆ ಬರುತ್ತೆ, ಕರೆದರೆ ಓಗೊಡೋಕೆ ಬರಲ್ವಾ" ಎಂದು ನೊಂದುಕೊಳ್ಳುತ್ತಾರೆ. ತಾಯಿ, ನಿಮ್ಮ ಯಜಮಾನರು ನಿಮ್ಮನ್ನು ಮರೆತಿರಲಿಲ್ಲ. ಹೆಸರು ಬಾಯಿಗೆ ಬರುವ ದಾರಿ ಕಡಿದಿತ್ತು, ಅಷ್ಟೇ. ಇಂಥವರಿಗೆ ಕನ್ನಡದಲ್ಲೇ ಮಾತಿನ ಪರೀಕ್ಷೆ, ಮಾತಿನ ತರಬೇತಿ ಕೊಡುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದಾರೆ. ಹೋಗುವವರು ಕಡಿಮೆ.

ಬಲ ಮಿದುಳಿನ ಎಂಸಿಎ ಮುಚ್ಚಿದರೆ ಮಾತು ಸಾಮಾನ್ಯವಾಗಿ ಉಳಿಯುತ್ತದೆ, ಲೋಕದ ಎಡ ಅರ್ಧ ಹೋಗುತ್ತದೆ. ಕಣ್ಣು ಕಾಣುತ್ತದೆ, ಮನಸ್ಸು ಅತ್ತ ಹೋಗುವುದಿಲ್ಲ. ನನ್ನ ರೋಗಿಯೊಬ್ಬರು ತಟ್ಟೆಯ ಬಲಗಡೆಯ ಮುದ್ದೆ ಮುಗಿಸಿ, ಎಡಗಡೆಯ ಸಾರು ಇದ್ದಂತೆಯೇ ಇರುವಾಗ, ಸೊಸೆ ಸಾರು ಬಡಿಸಲಿಲ್ಲ ಎಂದು ಜಗಳ ತೆಗೆದರು. ಅವರ ಎಡಗೈಯನ್ನು ಎತ್ತಿ ತೋರಿಸಿ "ಇದು ಯಾರದ್ದು?" ಅಂದೆ. "ನಿಮ್ದೇ ಇರಬೇಕು ಡಾಕ್ಟ್ರೇ" ಅಂದರು. ತನಗೆ ರೋಗವಿದೆ ಎಂಬುದೇ ತಿಳಿಯದ ಈ ಸ್ಥಿತಿಗೆ 1914ರಲ್ಲಿ ಹೆಸರು ಕೊಟ್ಟವರು ಬಬಿನ್ಸ್ಕಿ. ನೋವಿಲ್ಲ, ರೋಗವಿದೆ ಎಂಬ ಅರಿವಿಲ್ಲ. ಆಸ್ಪತ್ರೆಗೆ ಹೊರಡೋಣ ಅಂದರೆ ರೋಗಿಯೇ ಬೇಡ ಎನ್ನುತ್ತಾನೆ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. 1980ರ ದಶಕದ ಕೊನೆ, ನಾನು ಹೌಸ್ ಸರ್ಜನ್. ಲಕ್ವ ಹೊಡೆದವರು ಬಂದರೆ ಬಿಪಿ ನೋಡುತ್ತಿದ್ದೆವು. 200, 210 ಇರುತ್ತಿತ್ತು. ಇದೇ ಅನಾಹುತಕ್ಕೆ ಮೂಲ ಎಂದು ನಿಫೆಡಿಪಿನ್ ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ನಾಲಗೆಯ ಕೆಳಗೆ ಹಿಂಡುತ್ತಿದ್ದೆವು. ಹತ್ತು ನಿಮಿಷದಲ್ಲಿ ಬಿಪಿ ಧಡಕ್ಕನೆ ಇಳಿಯುತ್ತಿತ್ತು. ಚಾರ್ಟಿನಲ್ಲಿ ಅಂಕಿ ನೋಡಿ ಹಿರಿಯರು ತಲೆದೂಗುತ್ತಿದ್ದರು. ಕೆಲವು ರೋಗಿಗಳು ಅದೇ ಹೊತ್ತಿಗೆ ಇನ್ನಷ್ಟು ಕುಸಿಯುತ್ತಿದ್ದರು. ರೋಗ ಮುಂದುವರಿಯಿತು ಎಂದು ಬರೆಯುತ್ತಿದ್ದೆ.

ನಾಲೆಯ ಮಗನಾದ ನನಗೆ ಇದು ಹೊಳೆಯಬೇಕಿತ್ತು. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬೇಕು. ಸುಮಾರು 20ಕ್ಕಿಂತ ಇಳಿದರೆ ಜೀವಕೋಶ ಕೆಲಸ ನಿಲ್ಲಿಸುತ್ತದೆ, ಸಾಯುವುದಿಲ್ಲ. 10ಕ್ಕಿಂತ ಇಳಿದರೆ ಸಾಯುತ್ತದೆ. ಎಂಸಿಎ ಮುಚ್ಚಿದಾಗ ನಟ್ಟನಡುವಿನ ನೆಲ ನಿಮಿಷಗಳಲ್ಲಿ ಒಣಗುತ್ತದೆ. ಅಂಚಿನ ನೆಲ ಮಾತ್ರ ಬಾಡಿ ನಿಂತಿರುತ್ತದೆ. ಯಾಕೆಂದರೆ ಪಕ್ಕದ ನಾಲೆಗಳ ಕೊನೆಗವಲುಗಳಿಂದ ಅದಕ್ಕೆ ಬಸಿನೀರು ಬರುತ್ತಿರುತ್ತದೆ. ಮಿದುಳಿನ ಹೊದಿಕೆಯಲ್ಲಿರುವ ಈ ಸಣ್ಣ ಕೂಡುದಾರಿಗಳನ್ನು 1874ರಲ್ಲೇ ಹ್ಯೂಬ್ನರ್ ತೋರಿಸಿದ್ದರು. ಬಸಿನೀರು ಹರಿಯಲು ಮೇಲುಗಡೆ ಒತ್ತಡ ಬೇಕು. ಮಳವಳ್ಳಿ ಕಡೆಯ ಕೊನೇ ಭಾಗದ ರೈತರನ್ನು ಕೇಳಿ, ಮೇಲೆ ಒಂದಡಿ ಇಳಿದರೆ ಅವರ ಕಾಲುವೆ ಒಣಗುತ್ತದೆ. ದೇಹ ಬಿಪಿ ಏರಿಸಿದ್ದು ಆ ಕೊನೇ ಭಾಗದವರನ್ನು ಉಳಿಸಲು. ನಾನು ತೂಬು ಇಳಿಸಿದೆ. ಆ ಕ್ಯಾಪ್ಸೂಲನ್ನು ಹೀಗೆ ಕೊಡುವುದನ್ನು ನಿಲ್ಲಿಸಬೇಕೆಂದು ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಗಟ್ಟಿಯಾಗಿ ಬರೆದದ್ದು 1996ರಲ್ಲಿ. ನಮ್ಮ ಕೈ ನಿಲ್ಲಲು ಇನ್ನೂ ಕೆಲವು ವರ್ಷ ಹಿಡಿಯಿತು. ಈಗಲೂ ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ಅಕ್ಕಪಕ್ಕದವರ ಬಿಪಿ ಮಾತ್ರೆ ಬಾಯಿಗೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ನೀರನ್ನೂ ಕುಡಿಸಬೇಡಿ, ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ.

ಬಾಡಿ ನಿಂತ ನೆಲ ಇದೆ ಎಂಬ ತಿಳಿವಳಿಕೆಯಿಂದಲೇ ಇಂದಿನ ಚಿಕಿತ್ಸೆಯೆಲ್ಲ ಹುಟ್ಟಿದ್ದು. ದೊಡ್ಡ ನಾಳ ಮುಚ್ಚಿದ ಸಾಧಾರಣ ಲಕ್ವದಲ್ಲಿ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಅಮೆರಿಕದ ಜೆಫ್ರಿ ಸೇವರ್ ಲೆಕ್ಕ ಹಾಕಿದರು. 1995ರ ಡಿಸೆಂಬರಿನಲ್ಲಿ, ಮೂರು ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಹೆಚ್ಚು ಜನ ಸ್ವಾವಲಂಬಿಗಳಾಗುತ್ತಾರೆ ಎಂದು ಸಾಬೀತಾಯಿತು. 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ಹೋಯಿತು. ಇದು ಪುಕ್ಕಟೆ ವರವಲ್ಲ, 1995ರ ಪ್ರಯೋಗದಲ್ಲಿ ನೂರರಲ್ಲಿ ಆರು ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಅದಕ್ಕೇ ಮೊದಲು ಸಿಟಿ ಸ್ಕ್ಯಾನ್. ಒಡೆದ ನಾಳಕ್ಕೆ ಈ ಔಷಧಿ ಹಾಕಿದರೆ ಕೊಲೆಯಾಗುತ್ತದೆ. ದೊಡ್ಡಪ್ಪ ಬಿದ್ದದ್ದು 1972ರಲ್ಲಿ ಅಂದೆನಲ್ಲ; ಜೀವಂತ ರೋಗಿಯ ಮಿದುಳನ್ನು ಸಿಟಿ ಯಂತ್ರ ಮೊದಲು ಚಿತ್ರಿಸಿದ್ದು ಅದರ ಹಿಂದಿನ ಅಕ್ಟೋಬರಿನಲ್ಲಿ, ಲಂಡನ್ನಿನಲ್ಲಿ.

ಎಂ1ನಲ್ಲಿ ಉದ್ದ ಗಡ್ಡೆ ಕೂತಿದ್ದರೆ ಔಷಧಿ ಹಲವು ಸಲ ಸೋಲುತ್ತದೆ. ತೊಡೆಯ ನಾಳದಿಂದ ತಂತಿ ತೂರಿಸಿ, ಬಲೆಯಂಥ ಕೊಳವೆಯಲ್ಲಿ ಗಡ್ಡೆಯನ್ನು ಹಿಡಿದು ಎಳೆದು ತೆಗೆಯುವ ವಿದ್ಯೆ ಬಂತು. 2015ರಲ್ಲಿ ಒಂದರ ಹಿಂದೆ ಒಂದು ಐದು ಪ್ರಯೋಗಗಳು ಅದರ ಪರವಾಗಿ ತೀರ್ಪು ಕೊಟ್ಟವು. ಮೊದಲನೆಯದು ನೆದರ್ಲೆಂಡ್ಸಿನ 500 ರೋಗಿಗಳದು: ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿದವರು ಗಡ್ಡೆ ತೆಗೆದವರಲ್ಲಿ ನೂರಕ್ಕೆ 33, ಉಳಿದವರಲ್ಲಿ 19. 2018ರಲ್ಲಿ, ಬಾಡಿದ ನೆಲ ಇನ್ನೂ ಉಳಿದಿದೆ ಎಂದು ಸ್ಕ್ಯಾನಿನಲ್ಲಿ ಕಂಡವರಿಗೆ 24 ಗಂಟೆಯವರೆಗೂ ಇದು ಫಲಿಸುತ್ತದೆ ಎಂದು ಗೊತ್ತಾಯಿತು. ಈ ಮಾತು ಹೇಳಲು ನನಗೆ ಸ್ವಲ್ಪ ಭಯ. 24 ಎಂಬ ಅಂಕಿ ಮಾತ್ರ ನೆನಪಿಟ್ಟುಕೊಂಡು ಮನೆಯಲ್ಲಿ ಕೂತವರನ್ನು ನೋಡಿದ್ದೇನೆ. ಅದು ಒಳ್ಳೆಯ ಬಸಿನೀರು ಇದ್ದ ಅದೃಷ್ಟವಂತರ ಗಡುವು. ಮಂಡ್ಯದಿಂದ ಮೈಸೂರು ಒಂದು ಗಂಟೆಯ ದಾರಿ. ಹೊತ್ತು ಹೋಗುವುದು ದಾರಿಯಲ್ಲಲ್ಲ, ಹೊರಡೋಣವೇ ಬೇಡವೇ ಎಂಬ ಜಗಲಿಯ ಮಾತಿನಲ್ಲಿ.

ಎಲ್ಲ ಜಾಣತನವೂ ಗೆಲ್ಲುವುದಿಲ್ಲ. 1967ರಲ್ಲಿ ಜೂರಿಚ್ಚಿನ ಯಾಸರ್ಗಿಲ್, ನೆತ್ತಿಚರ್ಮದ ನಾಳವೊಂದನ್ನು ತಂದು ಎಂಸಿಎಯ ಕವಲಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿದು, ಮುಚ್ಚಿದ ನಾಲೆಗೆ ಪಕ್ಕದ ಊರಿನ ನೀರು ಕೊಟ್ಟರು. ನೋಡಲು ಕಣ್ಣಿಗೆ ಹಬ್ಬ. ಜಗತ್ತಿನ ಶಸ್ತ್ರವೈದ್ಯರೆಲ್ಲ ಹೊಲಿಯತೊಡಗಿದರು. 1985ರಲ್ಲಿ 1,377 ರೋಗಿಗಳ ಪ್ರಯೋಗದ ಫಲ ಬಂತು: ಹೊಲಿಸಿಕೊಂಡವರಿಗೆ ಬರೀ ಔಷಧಿ ತೆಗೆದುಕೊಂಡವರಿಗಿಂತ ಹೆಚ್ಚಿನ ಲಾಭವಿಲ್ಲ. ಈಗ ಅದು ಮೊಯಮೊಯ ಎಂಬ ಅಪರೂಪದ ರೋಗದಂಥ ಕೆಲವಕ್ಕೆ ಉಳಿದಿದೆ. ಆ ರೋಗದಲ್ಲಿ ಎಂಸಿಎಯ ಬುಡ ಮೆಲ್ಲಗೆ ಮುಚ್ಚುತ್ತ ಬಂದು ಸುತ್ತ ಸಣ್ಣ ನಾಳಗಳು ಹೊಗೆಯಂತೆ ಎದ್ದು ಕಾಣುತ್ತವೆ. ಜಪಾನಿನವರು ಆ ಹೊಗೆಯ ಹೆಸರನ್ನೇ 1969ರಲ್ಲಿ ಇಟ್ಟರು. ಇನ್ನು ಇಡೀ ಎಂಸಿಎಯ ನೆಲ ಸತ್ತು ಊದಿ, ಬುರುಡೆಯೊಳಗೆ ಜಾಗ ಸಾಲದೆ ರೋಗಿ ಸಾಯುವ ಹೊತ್ತಿನಲ್ಲಿ, ಬುರುಡೆಯ ಒಂದು ಅಗಲ ತುಂಡನ್ನೇ ತೆಗೆದಿಡುವ ಶಸ್ತ್ರಚಿಕಿತ್ಸೆ ಇದೆ. ಕೇಳಿದರೆ ಒರಟು. 2007ರಲ್ಲಿ ಯುರೋಪಿನ ಮೂರು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಬದುಕಿದವರು ನೂರಕ್ಕೆ 29ರಿಂದ 78ಕ್ಕೆ ಏರಿದ್ದರು. ಬದುಕಿದವರೆಲ್ಲ ನಡೆದಾಡಿದರು ಎಂದಲ್ಲ. ಆ ನಿರ್ಧಾರ ಮಾಡುವಾಗ ಮನೆಯವರ ಜೊತೆ ನಾನು ಅರ್ಧ ಗಂಟೆಯಾದರೂ ಕೂರುತ್ತೇನೆ.

ಎಂ1ರ ಬೆನ್ನಿನಿಂದ ಮೇಲಕ್ಕೆ ಹೊರಡುವ ಕೂದಲೆಳೆಯಂಥ ನಾಳಗಳನ್ನು ಬಿಟ್ಟೆ. ವಿದ್ಯಾರ್ಥಿಗಳು ಶವಚ್ಛೇದನದಲ್ಲಿ ಅವನ್ನು ಕಸವೆಂದು ಕಿತ್ತು ಬಿಸಾಡುತ್ತಾರೆ, ನಾನೂ ಕಿತ್ತಿದ್ದೆ. ಅವು ಮಿದುಳಿನ ಆಳಕ್ಕೆ, ಹೊರಮೈಯಿಂದ ಇಳಿದುಬರುವ ತಂತುಗಳೆಲ್ಲ ಒಂದೇ ಇಕ್ಕಟ್ಟಿನಲ್ಲಿ ಹಾಯುವ ಜಾಗಕ್ಕೆ, ನೀರು ಕೊಡುತ್ತವೆ. ದೊಡ್ಡ ನಾಲೆಯ ಏರಿಗೇ ಹಾಕಿದ ಸಣ್ಣ ಕೊಳವೆಗಳು. ಪೂರ್ತಿ ಒತ್ತಡ ಅವುಗಳ ಮೇಲೆ ಬೀಳುತ್ತದೆ, ಪಕ್ಕದಿಂದ ಬಸಿನೀರೂ ಇಲ್ಲ. ವರ್ಷಗಟ್ಟಲೆ ಬಿಪಿ ಏರಿದ್ದರೆ ಇವು ಮುಚ್ಚುತ್ತವೆ, ಇಲ್ಲವೇ ಒಡೆಯುತ್ತವೆ. 1868ರಲ್ಲಿ ಶಾರ್ಕೋ ಮತ್ತು ಬುಷಾರ್ ಇವುಗಳ ಮೈಮೇಲೆ ಸಾಸಿವೆಗಿಂತ ಚಿಕ್ಕ ಉಬ್ಬುಗಳನ್ನು ತೋರಿಸಿದರು. ಅಲ್ಲಿ ಕಡಲೆಕಾಳಿನಷ್ಟು ಜಾಗ ಹೋದರೂ ಮುಖ, ಕೈ, ಕಾಲು ಮೂರೂ ಬೀಳುತ್ತವೆ, ಮಾತಿನ ಅರ್ಥ ಕೆಡುವುದಿಲ್ಲ. ತಿಂಗಳ ಮಾತ್ರೆಯ ಖರ್ಚು ಉಳಿಸಲು ಬಿಪಿ ಮಾತ್ರೆ ಬಿಟ್ಟವರಲ್ಲಿ ನಾನು ಹೆಚ್ಚು ನೋಡಿರುವುದು ಇದನ್ನೇ.

ಇಲ್ಲಿ ಕೂತಿರುವ ಹೆಣ್ಣುಮಕ್ಕಳಲ್ಲಿ ಕೆಲವರು ಎಂಸಿಎ ಎಂಬ ಅಕ್ಷರಗಳನ್ನು ಮಗಳ, ಸೊಸೆಯ ಬಸಿರು ಸ್ಕ್ಯಾನಿಂಗ್ ವರದಿಯಲ್ಲಿ ನೋಡಿರಬಹುದು. ಅದೂ ಇದೇ ನಾಳ, ಹೊಟ್ಟೆಯೊಳಗಿನ ಕೂಸಿನದು. ಮಾಸಿನಿಂದ ಸಾಕಷ್ಟು ಆಮ್ಲಜನಕ ಬರದಿದ್ದರೆ ಕೂಸು ಉಳಿದ ಅಂಗಗಳ ಪಾಲು ತಗ್ಗಿಸಿ ಎಂಸಿಎಯ ತೂಬನ್ನು ಅಗಲ ಮಾಡುತ್ತದೆ, ಮಿದುಳು ಮೊದಲು ಎಂಬ ಲೆಕ್ಕ ಹುಟ್ಟುವ ಮೊದಲೇ ಅದಕ್ಕೆ ಗೊತ್ತು. ತಾಯಿಯ ಮತ್ತು ಕೂಸಿನ ರಕ್ತದ ಗುಂಪು ಹೊಂದದೆ ಕೂಸಿಗೆ ರಕ್ತಹೀನತೆಯಾದರೆ ತೆಳುವಾದ ರಕ್ತ ಈ ನಾಳದಲ್ಲಿ ಜೋರಾಗಿ ಓಡುತ್ತದೆ. ಆ ವೇಗ ಅಳೆದರೆ ಸಾಕು, ಸೂಜಿ ಚುಚ್ಚಬೇಕಾಗಿಲ್ಲ ಎಂದು 2000ದಲ್ಲಿ ತೋರಿಸಲಾಯಿತು. ದೊಡ್ಡವರಲ್ಲೂ ಕಪಾಲದ ಪಕ್ಕದ ತೆಳು ಮೂಳೆಯ ಮೂಲಕ ಈ ವೇಗ ಅಳೆಯಬಹುದು. 1982ರಿಂದ ಆ ವಿದ್ಯೆ ಇದೆ. ಕುಡಗೋಲು ಕಣ ರೋಗದ ಮಕ್ಕಳಲ್ಲಿ ಎಂಸಿಎಯ ವೇಗ ಸೆಕೆಂಡಿಗೆ 200 ಸೆಂ.ಮೀ. ದಾಟಿದರೆ ಲಕ್ವ ಹತ್ತಿರವಿದೆ ಎಂದರ್ಥ. ರಕ್ತ ಕೊಡುತ್ತ ಬಂದರೆ ಅದನ್ನು ತಡೆಯಬಹುದು ಎಂದು 1998ರ ಪ್ರಯೋಗ ಹೇಳಿತು. ಚಾಮರಾಜನಗರ, ಮೈಸೂರು ಕಾಡಂಚಿನ ಸೋಲಿಗರು, ಜೇನುಕುರುಬರಲ್ಲಿ ಈ ರೋಗ ಇದೆ. ಹತ್ತು ವರ್ಷದ ಮಗುವಿಗೂ ಲಕ್ವ ಹೊಡೆಯುತ್ತದೆ ಎಂದರೆ ನಂಬದವರು ಅಲ್ಲಿಗೆ ಹೋಗಿ ನೋಡಬೇಕು.

ದೊಡ್ಡಪ್ಪನಿಗೆ ಗಡ್ಡೆ ಎಲ್ಲಿಂದ ಬಂದಿತ್ತು? ಈಗ ಕೂತು ಊಹಿಸುತ್ತೇನೆ. ಅವರಿಗೆ ನಲವತ್ತೂ ದಾಟಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೀಲುಕೀಲು ಊದಿ ಮಲಗಿದ್ದರಂತೆ. ಆಮೇಲೆ ಏರಿ ಹತ್ತಿದರೆ ಏದುಸಿರು, ಎದೆ ಹೊಡೆದುಕೊಳ್ಳುವುದು. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕಿರಿದಾಗಿ, ಎಡ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಒಂದು ಚೂರು ಕಿತ್ತು ಕತ್ತಿನ ನಾಲೆ ಹಿಡಿದು, ಕವಲಿನಲ್ಲಿ ನೇರ ಹೋಗಿರಬೇಕು. ಯಾರೂ ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟಿರಲಿಲ್ಲ.

ಅವರು ಆಮೇಲೆ ಹನ್ನೊಂದು ವರ್ಷ ಬದುಕಿದರು. ದಿನಾ ಸಂಜೆ ಎಡಗೈಯಲ್ಲಿ ಕೋಲು ಹಿಡಿದು, ಬಲಗೈಯನ್ನು ಅಂಗಿಯ ಗುಂಡಿಗೆ ಸಿಕ್ಕಿಸಿಕೊಂಡು ನಾಲೆಯ ಏರಿಯ ಮೇಲೆ ನಡೆಯುತ್ತಿದ್ದರು. ಎದುರಿಗೆ ಬಂದವರನ್ನೆಲ್ಲ ನಿಲ್ಲಿಸಿ "ನೀರ್ ಬಂತಾ?" ಅನ್ನುತ್ತಿದ್ದರು. ಅವರು ಕೇಳುತ್ತಿದ್ದದ್ದು ಮಕ್ಕಳ ಕ್ಷೇಮವೋ, ಧಾರಣೆಯೋ, ಊಟವಾಯಿತೇ ಎಂದೋ, ಯಾರಿಗೆ ಗೊತ್ತು. ಊರಿನವರು ನಿಂತು, ತಲೆಯ ಮೇಲಿನ ಹುಲ್ಲಿನ ಹೊರೆ ಸರಿಮಾಡಿಕೊಂಡು, ಯಾವ ತೂಬಿಗೆ ಎಷ್ಟು ನೀರು ಬಂದಿದೆ ಎಂದು ವಿವರವಾಗಿ ಒಪ್ಪಿಸಿ ಮುಂದೆ ಹೋಗುತ್ತಿದ್ದರು.